ಫೋಟೋ ಎಳೆದು ಬಿಟ್ರೆ ಸಾಕಾ? ಎಐ ಎಡಿಟಿಂಗ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲೆ ಇದ್ವು. ಬ್ರೌಸರ್ ತೆಗೆದು, ಫೋಟೋನ ಎಳ್ಕೊಂಡು ಬಂದು ಒಂದು ಚೌಕದೊಳಗೆ ಬಿಟ್ರೆ, ಎಐ ತಾನೇ ಬ್ಯಾಕ್‌ಗ್ರೌಂಡ್ ತೆಗೆದು ಕೊಡತ್ತೆ, ಮಸುಕಾಗಿರೋದನ್ನ ಕ್ಲಿಯರ್ ಮಾಡತ್ತೆ, ಬೇಡದೋರನ್ನ ಅಳಿಸತ್ತೆ ಅನ್ನೋ ಟೂಲ್‌ಗಳಿದಾವಲ್ಲ, ಅವುಗಳ ಬಗ್ಗೆ. ಹಾಗಾಗಿ ಬೇರೆ ಪ್ರಶ್ನೆಗಳನ್ನ ಪಕ್ಕಕ್ಕಿಟ್ಟು ಇವನ್ನೇ ತಗೊಂಡಿದೀನಿ.

ಪ್ರಶ್ನೆ: ಮೇಡಂ, ಎಲ್ರೂ ಡ್ರ್ಯಾಗ್ ಮಾಡಿ ಡ್ರಾಪ್ ಮಾಡಿ, ತುಂಬಾ ಸುಲಭ ಅಂತಾರೆ. ನಾನು ಮಾಡಿದ್ರೆ ಫೋಟೋ ಆ ಸೈಟಿಗೆ ಹೋಗೋದೇ ಇಲ್ಲ, ಸ್ಕ್ರೀನ್ ತುಂಬಾ ಬರೀ ಫೋಟೋ ತೆರ್ಕೊಂಡು ಸೈಟೇ ಮಾಯ ಆಗೋಗತ್ತೆ. ಏನ್ ತಪ್ಪು ಮಾಡ್ತಿದೀನಿ?
— ನಿವೃತ್ತ ಶಿಕ್ಷಕರೊಬ್ಬರು

ಉತ್ತರ: ಸರ್, ಚೌಕದ ಹೊರಗೆ ಬಿಡ್ತಿದೀರ, ಅಷ್ಟೇ. ಆ ಪೇಜು "ಇಲ್ಲಿ ಬಿಟ್ರೆ ನಾನು ತಗೋತೀನಿ" ಅಂತ ಒಂದು ಜಾಗ ಮಾತ್ರ ಗುರುತು ಮಾಡಿಟ್ಟಿರತ್ತೆ, ಸಾಮಾನ್ಯವಾಗಿ ಚುಕ್ಕೆ ಗೆರೆಯ ಚೌಕ. ಅದರ ಆಚೆ ಬಿಟ್ರೆ ಬ್ರೌಸರ್ ತನ್ನ ಮಾಮೂಲಿ ಕೆಲಸ ಮಾಡತ್ತೆ, ಅಂದ್ರೆ ಆ ಫೈಲನ್ನ ತೆರೆದು ತೋರಿಸತ್ತೆ. ಹಾಗಾದ್ರೆ ಗಾಬರಿ ಬೇಡ, ಬ್ಯಾಕ್ ಒತ್ತಿ, ಇಲ್ಲಾ ಫೋಟೋ ಹೊಸ ಟ್ಯಾಬಲ್ಲಿ ತೆರ್ಕೊಂಡಿದ್ರೆ ಅದನ್ನ ಮುಚ್ಚಿ ವಾಪಸ್ ಬನ್ನಿ. ಫೋಲ್ಡರನ್ನ ಸ್ಕ್ರೀನಿನ ಒಂದು ಅರ್ಧಕ್ಕೆ, ಬ್ರೌಸರನ್ನ ಇನ್ನೊಂದು ಅರ್ಧಕ್ಕೆ ಇಟ್ಕೊಳಿ, ಮೌಸ್ ಬಟನ್ ಬಿಡದೆ ಫೋಟೋನ ಚೌಕದ ಮೇಲಕ್ಕೆ ತಂದಾಗ ಹೆಚ್ಚಿನ ಸೈಟ್‌ಗಳಲ್ಲಿ ಚೌಕದ ಬಣ್ಣ ಬದಲಾಗತ್ತೆ, ಆವಾಗ ಬೆರಳು ಎತ್ತಿ. ಅದೂ ಕಷ್ಟ ಅನ್ಸಿದ್ರೆ ಅದೇ ಚೌಕದಲ್ಲಿ ಫೈಲ್ ಆರಿಸಿ ಅನ್ನೋ ಬಟನ್ ಇರತ್ತೆ, ಕೆಲಸ ಎರಡರಿಂದಲೂ ಒಂದೇ. ಫೋನಲ್ಲಂತೂ ಎಳೆಯೋದೇ ಬೇಕಿಲ್ಲ, ಚೌಕದ ಮೇಲೆ ಮುಟ್ಟಿದ್ರೆ ಗ್ಯಾಲರಿ ತೆರ್ಕೊಳತ್ತೆ.

ಇನ್ನೊಂದು ಮಾತು. ಬೇರೆ ವೆಬ್ ಪೇಜಿಂದ ನೇರವಾಗಿ ಫೋಟೋ ಎಳೆದು ತಂದು ಹಾಕ್ಬೇಡಿ, ಎಷ್ಟೋ ಸಲ ಅದರ ಪುಟ್ಟ ಥಂಬ್‌ನೇಲ್ ಅಥವಾ ಬರೀ ಲಿಂಕ್ ಬರತ್ತೆ, ಆಮೇಲೆ ಟೂಲ್ ಚೆನ್ನಾಗಿಲ್ಲ ಅನ್ಸತ್ತೆ. ಮೊದಲು ಸೇವ್ ಮಾಡಿ, ಆಮೇಲೆ ಹಾಕಿ. ವಾಟ್ಸಾಪಲ್ಲಿ ಮಾಮೂಲಿಯಾಗಿ ಬಂದಿರೋ ಫೋಟೋನೂ ಅಷ್ಟೇ, ದಾರೀಲೇ ಚಿಕ್ಕದಾಗಿ ಬಂದಿರತ್ತೆ, ಕಳ್ಸಿದೋರಿಗೆ ಡಾಕ್ಯುಮೆಂಟ್ ಅಂತ ಆರಿಸಿ ಮತ್ತೊಮ್ಮೆ ಕಳ್ಸೋಕೆ ಹೇಳಿ.

ಪ್ರಶ್ನೆ: ನಮ್ಮಪ್ಪ ತೀರ್ಕೊಂಡು ತುಂಬಾ ವರ್ಷ ಆಯ್ತು. ಅವರದ್ದು ಅಂತ ಇರೋದು ಒಂದೇ ಫೋಟೋ, ಅದೂ ಗುಂಪಿನಲ್ಲಿ ಹಿಂದಿನ ಸಾಲಲ್ಲಿ ನಿಂತಿರೋದು. ಮೊಬೈಲಲ್ಲಿ ಅದರ ಫೋಟೋ ತೆಗೆದು, ಮುಖ ಮಾತ್ರ ಕ್ರಾಪ್ ಮಾಡಿ ಒಂದು ಎಐ ಸೈಟಿಗೆ ಹಾಕ್ದೆ. ರೆಪ್ಪೆ ಕೂದಲೂ ಎಣಿಸೋ ಹಾಗೆ ಬಂತು, ನನಗೆ ಕಣ್ಣಲ್ಲಿ ನೀರು ಬಂತು. ಅಮ್ಮನಿಗೆ ತೋರಿಸ್ದೆ. ಅವರು ತುಂಬಾ ಹೊತ್ತು ನೋಡಿ "ಇದು ಅವರಲ್ಲ" ಅಂದು ಫೋನ್ ವಾಪಸ್ ಕೊಟ್ಬಿಟ್ರು. ಸೈಟ್ ಸರಿ ಇಲ್ವಾ, ಇದಕ್ಕಿಂತ ಒಳ್ಳೇದು ಇದ್ಯಾ?
— ಹೆಸರು ಬೇಡ ಅಂದಿರೋ ಓದುಗರು

ಉತ್ತರ: ನಿಮ್ಮ ಪತ್ರ ಎರಡು ಮೂರು ಸಲ ಓದ್ದೆ. ನಿಮ್ಮಮ್ಮ ಹೇಳಿದ್ದು ಸರಿ, ಅದು ಅವರಲ್ಲ. ಬೇರೆ ಸೈಟಿಗೆ ಹೋದ್ರೂ ಇನ್ನೊಬ್ಬ ಯಾರೋ ಬರ್ತಾರೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದೊಂದು ಗೊತ್ತಾದ್ರೆ ಉಳಿದಿದ್ದೆಲ್ಲ ತಾನಾಗೇ ಗೊತ್ತಾಗತ್ತೆ.

ಹಿಂದಿನ ಸಾಲಿನ ಮುಖ ನಿಮ್ಮ ಮೊಬೈಲ್ ಫೋಟೋದಲ್ಲಿ 60 ಪಿಕ್ಸೆಲ್ ಅಗಲ, 60 ಪಿಕ್ಸೆಲ್ ಎತ್ತರ ಇತ್ತು ಅಂದ್ಕೊಳಿ. ಒಟ್ಟು 3,600 ಚುಕ್ಕೆ. ಟೂಲ್ ಅದನ್ನ ನಾಲ್ಕು ಪಟ್ಟು ದೊಡ್ಡದು ಮಾಡ್ತು ಅಂದ್ರೆ ಅಗಲಕ್ಕೆ ನಾಲ್ಕು, ಎತ್ತರಕ್ಕೆ ನಾಲ್ಕು, ಹೊಸ ಫೋಟೋದಲ್ಲಿ 57,600 ಚುಕ್ಕೆ. ನಿಮ್ಮಪ್ಪನಿಂದ ಬಂದಿದ್ದು 3,600ರಷ್ಟು ಮಾಹಿತಿ, ಬಾಕಿ 54,000 ಎಲ್ಲಿಂದ ಬಂತು? ಬೇರೆಯೋರ ಮುಖಗಳಿಂದ ಬಂತು. ಮುಖ ಸರಿಮಾಡೋ ಎಷ್ಟೋ ಮಾಡೆಲ್‌ಗಳು (ರಾಶಿ ಫೋಟೋ ನೋಡಿ ಕಲ್ತಿರೋ ಎಐ ಪ್ರೋಗ್ರಾಂಗಳು) ಕಲ್ತಿರೋದು ಎಫ್‌ಎಫ್‌ಎಚ್‌ಕ್ಯೂ ಅನ್ನೋ 70,000 ಮುಖಗಳ ಸಂಗ್ರಹದಿಂದ, ಅವೆಲ್ಲ ಫ್ಲಿಕರ್ ಅನ್ನೋ ಫೋಟೋ ಹಂಚ್ಕೊಳೋ ಸೈಟಲ್ಲಿ ಜನ ಹಾಕಿದ್ದ ಫೋಟೋಗಳು. ಮಸುಕಾದ ಕಣ್ಣು ಕಂಡ್ರೆ "ಇಂಥ ಕಡೆ ಸಾಮಾನ್ಯವಾಗಿ ಇಂಥ ಕಣ್ಣು ಇರತ್ತೆ" ಅಂತ ಊಹಿಸಿ ಬರೆಯತ್ತೆ. ಆ ರೆಪ್ಪೆ ಕೂದಲು ನಿಮ್ಮ ಫೋಟೋದಲ್ಲಿ ಇರಲೇ ಇಲ್ಲ.

2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದೋರು ಪಲ್ಸ್ ಅನ್ನೋ ಇಂಥದ್ದೇ ಒಂದು ಪ್ರೋಗ್ರಾಂ ಹೊರಗೆ ತಂದಿದ್ರು. ಯಾರೋ ಅದಕ್ಕೆ ಬರಾಕ್ ಒಬಾಮ ಅವರ ಚೌಕ ಚೌಕವಾಗಿ ಮಸುಕು ಮಾಡಿದ್ದ ಫೋಟೋ ಕೊಟ್ರು. ನಮಗೆ ನಿಮಗೆ ಆ ಮಸುಕಲ್ಲೂ ಒಬಾಮ ಅಂತ ತಕ್ಷಣ ಗೊತ್ತಾಗತ್ತೆ. ಪ್ರೋಗ್ರಾಂ ಕೊಟ್ಟಿದ್ದು ಒಬ್ಬ ಬಿಳಿಯನ ಮುಖ, ಪೂರ್ತಿ ಕ್ಲಿಯರ್ ಆಗಿ. ಪ್ರಪಂಚದಲ್ಲಿ ಅತಿ ಹೆಚ್ಚು ಫೋಟೋ ಇರೋ ಮನುಷ್ಯರಲ್ಲಿ ಒಬ್ರಿಗೇ ಹಾಗಾಯ್ತು ಅಂದ್ರೆ ಒಂದೇ ಫೋಟೋ ಇರೋ ನಿಮ್ಮಪ್ಪನ ಗತಿ ಯೋಚ್ನೆ ಮಾಡಿ.

ನನಗೂ ಇದು ಆಗಿದೆ. ನಮ್ಮಜ್ಜಿ ಎಡಗಡೆ ಹುಬ್ಬಿನ ಮೇಲೆ ಚಿಕ್ಕಂದಿನ ಒಂದು ಗಾಯದ ಗುರುತಿತ್ತು, ಹುಬ್ಬನ್ನ ಎರಡು ಭಾಗ ಮಾಡಿದಂಗೆ. ಹಳೇ ಫೋಟೋ ಗೀರೆಲ್ಲ ತೆಗೀಲಿ ಅಂತ ಒಂದು ಟೂಲಿಗೆ ಕೊಟ್ರೆ ಅದನ್ನೂ ಪೇಪರ್ ಮೇಲಿನ ಗೀರು ಅಂದ್ಕೊಂಡು ಒರೆಸಿ, ಅಂದವಾದ ಪೂರ್ತಿ ಹುಬ್ಬು ಬರ್ದು ಕೊಡ್ತು. ಅವತ್ತಿಂದ ನಾನು ಹಳೇ ಫೋಟೋಗಳಿಗೆ ಮುಖ ಸರಿಮಾಡೋ ಬಟನ್ ಮುಟ್ಟೋದಿಲ್ಲ.

ಈಗ ನೀವು ಮಾಡ್ಬೋದಾದ್ದು. ಮೊಬೈಲ್ ಫೋಟೋ ಬಿಟ್ಬಿಡಿ, ಆ ಮೂಲ ಪ್ರಿಂಟನ್ನ ಸ್ಕ್ಯಾನರ್‌ನಲ್ಲಿ 600 ಡಿಪಿಐ (ಅಂದ್ರೆ ಒಂದು ಇಂಚಿಗೆ 600 ಚುಕ್ಕೆ) ಇಟ್ಟು ಸ್ಕ್ಯಾನ್ ಮಾಡಿಸಿ, 1200 ಸಿಕ್ಕಿದ್ರೆ ಅದನ್ನೂ ಒಂದ್ಸಲ ನೋಡಿ. ಸೇವ್ ಮಾಡೋವಾಗ ಟಿಫ್ ಅಥವಾ ಪಿಎನ್‌ಜಿ, ಜೆಪಿಜಿ ಬೇಡ. ಇದರಿಂದ ಸಿಗೋ ಚುಕ್ಕೆ ಒಂದೊಂದೂ ನಿಜವಾಗ್ಲೂ ಆ ಕಾಗದದ ಮೇಲಿರೋದು, ಯಾವ ಎಐನೂ ಕೊಡೋಕಾಗದೇ ಇರೋದು. ಸ್ಕ್ಯಾನರ್ ಸಿಗದಿದ್ರೆ ಫ್ರೇಮಿನ ಗಾಜಿಂದ ಹುಷಾರಾಗಿ ಹೊರಗೆ ತೆಗೆದು (ಗಾಜಿಗೆ ಅಂಟ್ಕೊಂಡಿದ್ರೆ ಮಾತ್ರ ಕೀಳ್ಬೇಡಿ, ಮುಖಾನೇ ಕಿತ್ತು ಬರತ್ತೆ) ಕಿಟಕಿ ಬೆಳಕಲ್ಲಿ, ಫ್ಲ್ಯಾಶ್ ಇಲ್ದೆ, ಫೋನನ್ನ ಫೋಟೋಗೆ ಸಮಾನಾಂತರವಾಗಿ ಹಿಡಿದು ತೆಗೀರಿ. ಆಮೇಲೆ ಎಐಗೆ ಕೊಡೋದಾದ್ರೆ ಗೀರು, ಮಡಿಕೆ, ಬಣ್ಣ ಮಾಸಿರೋದು ಇವಿಷ್ಟಕ್ಕೆ ಮಾತ್ರ ಕೊಡಿ. ಮುಖದ ಆಯ್ಕೆ ಆಫ್ ಮಾಡಿ, ಆಫ್ ಆಗಲ್ಲ ಅಂದ್ರೆ ಸ್ಲೈಡರನ್ನ ಆದಷ್ಟು ಕೆಳಗಿಡಿ. ಎರಡು ಮೂರು ಥರ ಮಾಡಿ, ಮೂಲ ಸ್ಕ್ಯಾನ್ ಪಕ್ಕದಲ್ಲೇ ಇಟ್ಟು ಅಮ್ಮನಿಗೆ ತೋರಿಸಿ. ಆ ಮುಖ ಹೇಗಿತ್ತು ಅಂತ ಗೊತ್ತಿರೋದು ಅವರಿಗೇ. ಅವರು ಮಸುಕಾಗಿರೋ ಮೂಲಾನೇ ಇರ್ಲಿ ಅಂದ್ರೆ ಅದನ್ನೇ ದೊಡ್ಡದಾಗಿ ಪ್ರಿಂಟ್ ಹಾಕ್ಸಿ, ನಾಲ್ಕು ಹೆಜ್ಜೆ ದೂರದಿಂದ ನೋಡಿದ್ರೆ ಆ ಮಸುಕೇ ಹೆಚ್ಚು ನಿಜ ಅನ್ಸತ್ತೆ.

ಪ್ರಶ್ನೆ: ಐಫೋನಿಂದ ತಂದ ಫೋಟೋನ ಕೆಲವು ಸೈಟ್‌ಗಳು ತಗೊಳ್ಳೋದೇ ಇಲ್ಲ, ತಗೊಂಡ್ರೆ ಕೆಲವು ಅಡ್ಡಡ್ಡ ಮಲಗಿಸಿ ತೋರಿಸ್ತವೆ. ಯಾಕೆ?
— ಕಾಲೇಜು ವಿದ್ಯಾರ್ಥಿನಿ

ಉತ್ತರ: 2017ರಲ್ಲಿ ಬಂದ ಐಒಎಸ್ 11ರಿಂದ ಐಫೋನ್‌ಗಳು ಹೆಚ್ಚಾಗಿ ಎಚ್‌ಇಐಸಿ ಅನ್ನೋ ಫಾರ್ಮ್ಯಾಟಲ್ಲಿ ಸೇವ್ ಮಾಡ್ತವೆ, ಅದನ್ನ ಎಲ್ಲ ಸೈಟೂ ಓದಲ್ಲ. ಕ್ಯಾಮೆರಾ ಸೆಟ್ಟಿಂಗ್ಸಲ್ಲಿ ಫಾರ್ಮ್ಯಾಟ್ಸ್ ಒಳಗೆ ಮೋಸ್ಟ್ ಕಂಪ್ಯಾಟಿಬಲ್ ಆರಿಸಿದ್ರೆ ಮುಂದಿನ ಫೋಟೋಗಳು ಜೆಪಿಜಿ ಆಗತ್ವೆ. ಮಲಗೋದು ಯಾಕಂದ್ರೆ, ಫೋನು ಫೋಟೋನ ತಿರುಗಿಸಿ ಸೇವ್ ಮಾಡಲ್ಲ, "ತೋರಿಸೋವಾಗ ತಿರುಗಿಸಿ ತೋರಿಸು" ಅಂತ ಫೈಲಿನೊಳಗೆ ಒಂದು ಚೀಟಿ ಬರೆದಿಟ್ಟಿರತ್ತೆ. ಆ ಚೀಟಿ ಓದದ ಟೂಲು ಹಾಗೇ ತೋರಿಸತ್ತೆ. ಹಾಕೋಕೆ ಮುಂಚೆ ಒಂದ್ಸಲ ಎಡಿಟ್ ಅಂತ ಮಾಡಿ ತಿರುಗಿಸಿ ಸೇವ್ ಮಾಡ್ಕೊಳಿ.

ಪ್ರಶ್ನೆ: ಮಗಳ ಫೋಟೋ ಒಂದಷ್ಟು ಇಂಥ ಫ್ರೀ ಸೈಟಿಗೆ ಹಾಕಿದೀನಿ, ಒಂದ್ಸಲ ಐಡಿ ಕಾರ್ಡ್ ಮಸುಕಾಗಿತ್ತು ಅಂತ ಅದನ್ನೂ ಹಾಕ್ದೆ. ಈಗ ನಿದ್ದೆ ಬರ್ತಿಲ್ಲ. ಹಾಕಿದ ಫೋಟೋ ಎಲ್ಲಿಗೆ ಹೋಗತ್ತೆ?
— ಒಬ್ಬ ತಾಯಿ

ಉತ್ತರ: ಅಮ್ಮಾ, ಎಳೆದು ಬಿಡೋದು ಎಷ್ಟು ಸಲೀಸಾಗಿದೆ ಅಂದ್ರೆ ಫೋಟೋ ನಮ್ಮ ಕಂಪ್ಯೂಟರಲ್ಲೇ ಇದೆ ಅನ್ನೋ ಭಾವನೆ ಬರತ್ತೆ, ನಿಮಗೊಬ್ರಿಗೇ ಅಲ್ಲ. ಇದರಲ್ಲಿ ಎರಡು ಜಾತಿ. ಒಂದರಲ್ಲಿ ಕೆಲಸ ನಿಮ್ಮ ಬ್ರೌಸರ್ ಒಳಗೇ ನಡೆಯತ್ತೆ, ಫೋಟೋ ಎಲ್ಲೂ ಹೋಗಲ್ಲ. ಇನ್ನೊಂದರಲ್ಲಿ ಫೋಟೋದ ಕಾಪಿ ಆ ಕಂಪನಿಯ ಸರ್ವರಿಗೆ, ಅಂದ್ರೆ ಅವರ ಕಂಪ್ಯೂಟರಿಗೆ ಹೋಗಿ ಅಲ್ಲಿ ಎಡಿಟ್ ಆಗಿ ವಾಪಸ್ ಬರತ್ತೆ. ಎಐ ಟೂಲ್‌ಗಳಲ್ಲಿ ಹೆಚ್ಚಿನವು ಎರಡನೇ ಜಾತಿ, ಯಾಕಂದ್ರೆ ಆ ಲೆಕ್ಕಾಚಾರಕ್ಕೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕು.

ಯಾವುದು ಯಾವ ಜಾತಿ ಅಂತ ನೀವೇ ಪರೀಕ್ಷೆ ಮಾಡ್ಬೋದು. ಸೈಟ್ ತೆರೆದು, ಯಾವುದಾದ್ರೂ ಹೂವಿನ ಫೋಟೋ ಹಾಕಿ ಒಂದ್ಸಲ ಕೆಲಸ ಮಾಡಿಸಿ, ಯಾಕಂದ್ರೆ ಬ್ರೌಸರ್ ಒಳಗೇ ನಡೆಯೋ ಟೂಲ್‌ಗಳು ಮೊದಲ ಸಲ ಮಾಡೆಲನ್ನ ಡೌನ್‌ಲೋಡ್ ಮಾಡ್ಕೋಬೇಕು. ಆಮೇಲೆ ಇಂಟರ್ನೆಟ್ ಆಫ್ ಮಾಡಿ. ವೈಫೈ, ಕೇಬಲ್, ಡೇಟಾ ಎಲ್ಲ. ಈಗ ಇನ್ನೊಂದು ಹೂವಿನ ಫೋಟೋ ಹಾಕಿ. ಕೆಲಸ ಆದ್ರೆ ಅದು ನಿಮ್ಮ ಕಂಪ್ಯೂಟರಲ್ಲೇ ನಡೀತಿದೆ. ಎರರ್ ಬಂದ್ರೆ ಹೊರಗೆ ಹೋಗ್ತಿತ್ತು ಅಂತ ಅರ್ಥ ಮಾಡ್ಕೊಳಿ. ನಿಜವಾದ ಫೋಟೋ ಎಡಿಟ್ ಮಾಡೋವಾಗ್ಲೂ ನೆಟ್ ಆಫ್ ಇಟ್ಟು, ಮುಗಿದ ಮೇಲೆ ಟ್ಯಾಬ್ ಮುಚ್ಚಿ ಆಮೇಲೆ ಆನ್ ಮಾಡಿದ್ರೆ ಇನ್ನೂ ಒಳ್ಳೇದು. ಫೋಟೋಪಿಯ ಎಡಿಟರ್, ಫೋಟೋ ಫೈಲಿನ ಸೈಜ್ ಕಮ್ಮಿ ಮಾಡೋ ಗೂಗಲ್‌ನೋರ ಸ್ಕ್ವೂಶ್ ಇವೆರಡು ಬ್ರೌಸರ್ ಒಳಗೇ ಫೈಲ್ ತೆರೆಯೋ ಥರದ್ದು. ಪೂರ್ತಿ ನೆಮ್ಮದಿ ಬೇಕು ಅಂದ್ರೆ ಕಂಪ್ಯೂಟರಿಗೇ ಇನ್‌ಸ್ಟಾಲ್ ಮಾಡ್ಕೊಳೋ ಉಚಿತ ಪ್ರೋಗ್ರಾಂಗಳಿದಾವೆ, ಎಡಿಟಿಂಗಿಗೆ ಗಿಂಪ್, ದೊಡ್ಡದು ಮಾಡೋಕೆ ಅಪ್‌ಸ್ಕೇಲ್, ಇದರಲ್ಲೂ ಫೋಟೋ ಎಳೆದು ಬಿಟ್ರೆ ಸಾಕು.

ಫೋಟೋ ಜೊತೆ ಇನ್ನೇನು ಹೋಗತ್ತೆ ಅನ್ನೋದೂ ಗೊತ್ತಿರ್ಲಿ. ಫೋನಲ್ಲಿ ಲೊಕೇಶನ್ ಆನ್ ಇದ್ರೆ ಫೋಟೋ ತೆಗೆದ ಜಾಗದ ಅಕ್ಷಾಂಶ ರೇಖಾಂಶ, ದಿನ, ಹೊತ್ತು, ಫೋನಿನ ಮಾಡೆಲ್ ಎಲ್ಲ ಫೈಲಿನೊಳಗೆ ಎಕ್ಸಿಫ್ ಅಂತ ಕೂತಿರತ್ತೆ. ಮಗಳು ಮನೇಲಿ ಕೂತಿರೋ ಫೋಟೋದಲ್ಲಿ ಮನೆ ಎಲ್ಲಿದೆ ಅನ್ನೋದೂ ಇರತ್ತೆ. ಕ್ಯಾಮೆರಾ ಆಪಿಗೆ ಲೊಕೇಶನ್ ಪರ್ಮಿಶನ್ ಇವತ್ತೇ ತೆಗೀರಿ. ವಿಂಡೋಸಲ್ಲಿ ಹಳೇ ಫೋಟೋಗಳ ಪ್ರಾಪರ್ಟೀಸ್, ಡಿಟೇಲ್ಸ್ ಒಳಗೆ ಹೋಗಿ ಆ ಮಾಹಿತಿ ಅಳಿಸ್ಬೋದು.

ಹಾಕಿ ಆಗಿರೋದಕ್ಕೆ: ಅಕೌಂಟ್ ಮಾಡಿದ್ರೆ ಒಳಗೆ ಹೋಗಿ ಹಿಸ್ಟರಿ ಡಿಲೀಟ್ ಮಾಡಿ, ಆಮೇಲೆ ಅಕೌಂಟೂ ಡಿಲೀಟ್ ಮಾಡಿ. ಪ್ರೈವಸಿ ಪಾಲಿಸಿ ತೆಗೆದು ಎಷ್ಟು ಹೊತ್ತಲ್ಲಿ ಅಳಿಸ್ತಾರೆ, ಮಾಡೆಲಿಗೆ ಕಲಿಸೋಕೆ ನಮ್ಮ ಫೋಟೋ ಬಳಸ್ತಾರಾ, ಇವೆರಡು ಮಾತ್ರ ಹುಡ್ಕಿ, ಉಳಿದಿದ್ದು ಓದೋ ತಾಳ್ಮೆ ಯಾರಿಗೂ ಇರಲ್ಲ. ಆ ಪಾಲಿಸೀನೇ ಇಲ್ಲದ ಸೈಟಿಗೆ ಇನ್ನು ಮುಂದೆ ಏನನ್ನೂ ಹಾಕ್ಬೇಡಿ. ಐಡಿ ಕಾರ್ಡ್, ಸಹಿ, ಆಸ್ಪತ್ರೆ ಕಾಗದ, ಮಕ್ಕಳ ಫೋಟೋ ಯಾವ ಸರ್ವರಿಗೂ ಹಾಕ್ಬೇಡಿ. ಐಡಿ ಕಾರ್ಡ್ ಮಸುಕಾಗಿದ್ರೆ ಮತ್ತೊಮ್ಮೆ ಬೆಳಕಲ್ಲಿ ಫೋಟೋ ತೆಗೀರಿ, ಎಐ ಕೈಲಿ ನಂಬರ್ ಸರಿಮಾಡ್ಸಿದ್ರೆ ಒಂದು ಅಂಕಿನೇ ಬದಲಾಗಿಬಿಡ್ಬೋದು.

ಪ್ರಶ್ನೆ: ನಾನು ಮನೇಲೇ ಕೈಯಿಂದ ಗೊಂಬೆ ಮಾಡಿ ಆನ್‌ಲೈನ್ ಮಾರ್ತೀನಿ. ಬ್ಯಾಕ್‌ಗ್ರೌಂಡ್ ತೆಗೆದ್ರೆ ಗೊಂಬೆಯ ಉಣ್ಣೆ ಕೂದಲ ಸುತ್ತ ಹಸಿರು ಅಂಚು ಉಳ್ಕೊಳತ್ತೆ, ಸೇವ್ ಮಾಡಿದ್ರೆ ಕೆಲವು ಸಲ ಹಿಂದುಗಡೆ ಪೂರ್ತಿ ಕಪ್ಪಾಗಿ ಬರತ್ತೆ.
— ಗೊಂಬೆ ಮಾಡೋರು

ಉತ್ತರ: ಕಪ್ಪು ಯಾಕೆ ಅನ್ನೋದು ಸುಲಭ. ಜೆಪಿಜಿಗೆ ಪಾರದರ್ಶಕ ಅನ್ನೋದೇ ಗೊತ್ತಿಲ್ಲ, ಖಾಲಿ ಜಾಗಕ್ಕೆ ಏನಾದ್ರೂ ಬಣ್ಣ ತುಂಬಲೇಬೇಕು, ಕೆಲವು ಪ್ರೋಗ್ರಾಂ ಕಪ್ಪು ತುಂಬ್ತವೆ. ಪಿಎನ್‌ಜಿ ಅಥವಾ ವೆಬ್‌ಪಿ ಅಂತ ಸೇವ್ ಮಾಡಿ.

ಹಸಿರು ಅಂಚು ಸ್ವಲ್ಪ ಸೂಕ್ಷ್ಮ. ಉಣ್ಣೆಯ ಒಂದು ಎಳೆ ಒಂದು ಪಿಕ್ಸೆಲ್‌ಗಿಂತಲೂ ತೆಳ್ಳಗಿರತ್ತೆ, ಹಾಗಾಗಿ ಆ ಒಂದೇ ಪಿಕ್ಸೆಲಲ್ಲಿ ಅರ್ಧ ಉಣ್ಣೆ, ಅರ್ಧ ಹಿಂದಿನ ಗೋಡೆ ಕಲಸಿಹೋಗಿರತ್ತೆ. ಟೂಲು ಪ್ರತಿ ಪಿಕ್ಸೆಲಿಗೂ 0ಯಿಂದ 255ರವರೆಗೆ ಒಂದು ನಂಬರ್ ಕೊಡತ್ತೆ, 0 ಅಂದ್ರೆ ಪೂರ್ತಿ ತೆಗಿ, 255 ಅಂದ್ರೆ ಪೂರ್ತಿ ಇಟ್ಕೋ, ಅಂಚಿಗೆ ನಡುವಿನ ನಂಬರ್. ನಂಬರ್ ಸರಿಯಾಗಿ ಕೊಟ್ರೂ ಆ ಪಿಕ್ಸೆಲಿನ ಬಣ್ಣದಲ್ಲಿ ಗೋಡೆಯ ಹಸಿರು ಬೆರೆತಿರೋದು ಹೋಗಲ್ಲ, ಅದೇ ನಿಮಗೆ ಕಾಣ್ತಿರೋದು. (ಹೀಗೆ ವಸ್ತು ಯಾವುದು ಹಿನ್ನೆಲೆ ಯಾವುದು ಅಂತ ಬಿಡಿಸೋ ಎಷ್ಟೋ ಮಾಡೆಲ್‌ಗಳ ಬೇರು ಯು-ನೆಟ್ ಅನ್ನೋ 2015ರ ವಿನ್ಯಾಸದಲ್ಲಿದೆ, ಅದನ್ನ ಮಾಡಿದ್ದೇ ಮೈಕ್ರೋಸ್ಕೋಪ್ ಚಿತ್ರಗಳಲ್ಲಿ ಜೀವಕೋಶಗಳನ್ನ ಗುರುತಿಸೋಕೆ. ನಿಮ್ಮ ಗೊಂಬೆಗೂ ಅದು ಉಪಯೋಗ ಆಗ್ತಿರೋದು ನನಗೆ ಇವತ್ತಿಗೂ ಖುಷಿ ಕೊಡೋ ವಿಷಯ.)

ಪರಿಹಾರ ಕ್ಯಾಮೆರಾ ಹತ್ರಾನೇ ಇದೆ. ಹಸಿರು ಬಟ್ಟೆ ಬಿಟ್ಟು ತಿಳಿ ಬೂದು ಬಣ್ಣದ ದೊಡ್ಡ ಹಾಳೆ ಇಡಿ, ಗೊಂಬೆನ ಅದರಿಂದ ಒಂದೂವರೆ ಎರಡು ಅಡಿ ಮುಂದೆ ಇಡಿ, ಆಗ ಹಿಂದಿನ ಬಣ್ಣ ಗೊಂಬೆ ಮೇಲೆ ಬೀಳಲ್ಲ, ಅಂಚಿಗೆ ಬೆರೆತ್ರೂ ಬೂದು ಬಣ್ಣ ಕಣ್ಣಿಗೆ ಹೊಡೆಯಲ್ಲ. ಟೂಲಲ್ಲಿ ಅಂಚಿನ ಬಣ್ಣ ತೆಗೆಯೋ ಆಯ್ಕೆ ಇದ್ರೆ ಆನ್ ಮಾಡಿ. ಸೇವ್ ಮಾಡೋಕೆ ಮುಂಚೆ ಹಿಂದೆ ಒಂದ್ಸಲ ಕಡು ಬಣ್ಣ, ಒಂದ್ಸಲ ಬಿಳಿ ಇಟ್ಟು ನೋಡಿ, ಬಿಳಿ ಮೇಲೆ ಮುಚ್ಚಿಹೋಗೋ ತಪ್ಪು ಕಡು ಬಣ್ಣದ ಮೇಲೆ ಎದ್ದು ಕಾಣತ್ತೆ. ಮತ್ತೆ, ಗೊಂಬೆ ಕಾಲ ಕೆಳಗಿನ ನೆರಳು ಪೂರ್ತಿ ತೆಗೀಬೇಡಿ, ಗೊಂಬೆ ಗಾಳೀಲಿ ತೇಲಿದಂಗೆ ಕಾಣತ್ತೆ. ಗೊಂಬೆಯ ಬಣ್ಣ ಮಾತ್ರ ಎಐ ಕೈಲಿ ಚಂದ ಮಾಡಿಸ್ಬೇಡಿ, ತಗೊಂಡೋರ ಕೈಗೆ ಬೇರೆ ಬಣ್ಣ ಹೋದ್ರೆ ವಾಪಸ್ ಬರೋದು ಗೊಂಬೆನೇ.

ಪ್ರಶ್ನೆ: ಫೋಟೋದಲ್ಲಿ ಅಡ್ಡ ಬಂದೋರನ್ನ ಅಳಿಸಿದ್ರೆ ಏನೋ ಒಂಥರಾ ಕಾಣತ್ತೆ, ಏನು ಅಂತ ಹೇಳೋಕಾಗಲ್ಲ.
— ಪ್ರವಾಸ ಇಷ್ಟ ಪಡೋರು

ಉತ್ತರ: ನೆರಳು ಉಳಿದಿರತ್ತೆ ನೋಡಿ. ಮನುಷ್ಯನ ಮೇಲೆ ಬ್ರಶ್ ಆಡಿಸಿ ನೆರಳು, ನೀರಲ್ಲಿ ಕಾಣೋ ಬಿಂಬ ಬಿಟ್ಟಿರ್ತೀರ, ಕಣ್ಣಿಗೆ ಗೊತ್ತಾಗತ್ತೆ ಬುದ್ಧಿಗೆ ಗೊತ್ತಾಗಲ್ಲ. ಅದನ್ನೂ ಸೇರಿಸಿ, ಅಂಚಿಗಿಂತ ಸ್ವಲ್ಪ ಆಚೆಗೂ ಬ್ರಶ್ ಹೋಗ್ಲಿ. 2010ರಲ್ಲಿ ಫೋಟೋಶಾಪ್ ಸಿಎಸ್5 ಜೊತೆ ಬಂದ ಕಂಟೆಂಟ್ ಅವೇರ್ ಫಿಲ್ ಅದೇ ಫೋಟೋದ ಬೇರೆ ಭಾಗಗಳಿಂದ ತುಂಡು ತಂದು ತೇಪೆ ಹಾಕ್ತಿತ್ತು, ಹುಲ್ಲು, ಮರಳು, ಆಕಾಶಕ್ಕೆ ಅದು ಇವತ್ತಿಗೂ ಸಾಕು. 2023ರಲ್ಲಿ ಬಂದ ಜನರೇಟಿವ್ ಫಿಲ್ ಥರದ್ದು ಹೊಸದಾಗಿ ಚಿತ್ರ ಬರೆಯತ್ತೆ, ಹಾಗಾಗಿ ಇಲ್ಲದ ಕಲ್ಲು, ಇಲ್ಲದ ಕಂಬ ಕೂರ್ಸೋ ಸಾಧ್ಯತೆನೂ ಇದೆ. ಒಂದೇ ಸಲಕ್ಕೆ ಐದು ಜನರನ್ನ ಅಳಿಸ್ಬೇಡಿ, ಒಬ್ಬೊಬ್ಬರಾಗಿ ಮಾಡಿ.

ಪ್ರಶ್ನೆ: ನನ್ನ ತಮ್ಮನಿಗೆ ಗಾಡಿ ಗುದ್ದಿ ನಿಲ್ಲಿಸ್ದೆ ಹೋಗಿದಾರೆ. ಪಕ್ಕದ ಕಟ್ಟಡದ ಸಿಸಿಟಿವಿಲಿ ಗಾಡಿ ಕಾಣತ್ತೆ, ನಂಬರ್ ಪ್ಲೇಟ್ ಮಸುಕು. ಎಐ ಸೈಟಿಗೆ ಸ್ಕ್ರೀನ್‌ಶಾಟ್ ಹಾಕಿದ್ರೆ ನಂಬರ್ ಕ್ಲಿಯರ್ ಆಗಿ ಬಂತು. ಇದನ್ನ ಪೊಲೀಸರಿಗೆ ಕೊಡ್ಲಾ?
— ಅಣ್ಣ

ಉತ್ತರ: ನಿಮ್ಮ ತಮ್ಮ ಬೇಗ ಹುಷಾರಾಗ್ಲಿ. ಆದ್ರೆ ಆ ನಂಬರ್ ನಂಬ್ಕೊಂಡು ಯಾರ ಮೇಲೂ ಹೋಗ್ಬೇಡಿ. ಮೇಲೆ ಅಪ್ಪನ ಫೋಟೋಗೆ ಹೇಳಿದ್ದೇ ಇಲ್ಲೂ ನಡೆದಿರೋದು. ಮಸುಕಲ್ಲಿ 3, 8, 6, 0 ಎಲ್ಲ ಒಂದೇ ಥರ ಕಾಣ್ತವೆ, ಟೂಲು ಅವುಗಳಲ್ಲಿ ಒಂದನ್ನ ಆರಿಸ್ಕೊಂಡು ಚೂಪಾಗಿ ಬರೆದು ಕೊಡತ್ತೆ, ಗೊತ್ತಿಲ್ಲ ಅಂತ ಹೇಳೋದೇ ಇಲ್ಲ. ಒಂದು ಅಂಕಿ ತಪ್ಪಿದ್ರೆ ಏನೂ ಮಾಡದ ಯಾರದೋ ಮನೆ ಬಾಗ್ಲಿಗೆ ಪೊಲೀಸ್ ಹೋಗ್ತಾರೆ. ಬೇಕಾದ್ರೆ ಅದೇ ಸ್ಕ್ರೀನ್‌ಶಾಟನ್ನ ಬೇರೆ ಎರಡು ಸೈಟಿಗೆ ಹಾಕಿ ನೋಡಿ, ಬೇರೆ ಬೇರೆ ನಂಬರ್ ಬಂದ್ರೂ ಆಶ್ಚರ್ಯ ಇಲ್ಲ. ಮೂರರಲ್ಲೂ ಒಂದೇ ಬಂದ್ರೂ ಅದು ಸಾಕ್ಷಿ ಆಗಲ್ಲ.

ನಿಜವಾದ ಮಾಹಿತಿ ಇರೋದು ವಿಡಿಯೋದಲ್ಲಿ. ಗಾಡಿ ಒಂದೇ ಒಂದು ಸೆಕೆಂಡ್ ಕಂಡ್ರೂ 25 ಫ್ರೇಮ್ ವಿಡಿಯೋ ಆದ್ರೆ 25 ಚಿತ್ರ, ಒಂದೊಂದರಲ್ಲೂ ಪ್ಲೇಟು ಕೂದಲೆಳೆಯಷ್ಟು ಬೇರೆ ಜಾಗದಲ್ಲಿ, ಬೇರೆ ಬೆಳಕಲ್ಲಿ. ಅವನ್ನೆಲ್ಲ ಒಂದರ ಮೇಲೊಂದು ಹೊಂದಿಸಿ ನೋಡಿ, ಏನನ್ನೂ ಹೊಸದಾಗಿ ಸೇರಿಸ್ದೆ, ವಿಧಿವಿಜ್ಞಾನ ಪ್ರಯೋಗಾಲಯದೋರು ಓದೋಕೆ ಪ್ರಯತ್ನ ಪಡ್ಬೋದು. ಅದಕ್ಕೆ ಮೂಲ ಫೈಲೇ ಬೇಕು, ಸ್ಕ್ರೀನ್‌ಶಾಟ್ ಆಗಲ್ಲ, ಫೋನಲ್ಲಿ ಸ್ಕ್ರೀನ್ ಶೂಟ್ ಮಾಡಿದ್ದೂ ಆಗಲ್ಲ. ಪೊಲೀಸರಿಗೆ ಎಐ ಚಿತ್ರ ತೋರ್ಸೋದೇ ಆದ್ರೆ ಇದು ಎಐ ಮಾಡಿದ್ದು ಅಂತ ಬಾಯ್ಬಿಟ್ಟು ಹೇಳಿ, ಮೂಲದ ಜೊತೆಗೇ ಕೊಡಿ.

ಈ ಪತ್ರಿಕೆ ಬರೋವರೆಗೆ ಕಾಯೋದು ಬೇಡ ಅಂತ ನಿಮಗೆ ನೇರವಾಗಿಯೂ ಬರೆದಿದೀನಿ, ಇಂಥದ್ದು ಆಗಿರೋ ಬೇರೆಯೋರಿಗಾಗಿ ಇಲ್ಲೂ ಹೇಳ್ತೀನಿ. ಸಿಸಿಟಿವಿ ರೆಕಾರ್ಡರ್‌ಗಳು ಡಿಸ್ಕ್ ತುಂಬಿದ ತಕ್ಷಣ ಹಳೇದರ ಮೇಲೇ ಹೊಸದನ್ನ ಬರೀತಾ ಹೋಗ್ತವೆ. ಆ ಕಟ್ಟಡದೋರ ಹತ್ರ ಇವತ್ತೇ ಹೋಗಿ, ಗಾಡಿ ಗುದ್ದೋಕೆ ಐದು ನಿಮಿಷ ಹಿಂದಿನಿಂದ ಐದು ನಿಮಿಷ ಮುಂದಿನವರೆಗೆ ಮೂಲ ವಿಡಿಯೋನ ಪೆನ್‌ಡ್ರೈವಿಗೆ ತೆಗೆಸಿಡಿ, ರೆಕಾರ್ಡರ್ ಗಡಿಯಾರ ಸರಿಯಾದ ಟೈಮಿಗಿಂತ ಎಷ್ಟು ಹಿಂದೆ ಮುಂದೆ ಇದೆ ಅನ್ನೋದನ್ನೂ ಬರೆದಿಟ್ಕೊಳಿ.